ನುಣುಪು ಬೇರೆ, ಬಾಳಿಕೆ ಬೇರೆ

ಎರಡು ವಸ್ತುಗಳು ಪರಸ್ಪರ ತಾಗಿ ಚಲಿಸುವಾಗ ಆ ಚಲನೆಯನ್ನು ತಡೆಯುವುದು ಘರ್ಷಣೆ. ಅದರಿಂದ ವಸ್ತುವಿನ ಮೈ ಕಳೆದುಹೋಗುವುದು ಸವೆತ. ಕನ್ನಡದಲ್ಲಿ ಇವಕ್ಕೆ ಎರಡು ಪದಗಳಿದ್ದರೂ ಇವೆರಡೂ ಒಂದೇ ಎಂಬ ಭ್ರಾಂತಿ ಬಲವಾಗಿದೆ. ಅದನ್ನು ನೀಗುವ ಹೊಣೆ ಶಾಲೆಯದು.

ಟೆಫ್ಲಾನ್ ಎಂಬ ಪಾಲಿಮರಿನ ವೃತ್ತಾಂತವೇ ಇದಕ್ಕೆ ನಿದರ್ಶನ. 1938ರಲ್ಲಿ ರಾಯ್ ಪ್ಲಂಕೆಟ್ ಕಂಡುಹಿಡಿದ ಈ ವಸ್ತುವಿನಷ್ಟು ನುಣುಪಾದ ಘನಪದಾರ್ಥ ವಿರಳ. ಆ ಗುಣವನ್ನು ಮೆಚ್ಚಿ ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿಯವರು 1950ರ ದಶಕದ ಕೊನೆಗೆ ಕೃತಕ ಸೊಂಟದ ಕೀಲಿಗೆ ಅದರ ಬಟ್ಟಲನ್ನು ಅಳವಡಿಸಿದರು. ಘರ್ಷಣೆಯೇನೋ ಅಲ್ಪವಾಗಿತ್ತು, ಆದರೆ ಕೆಲವೇ ವರ್ಷಗಳಲ್ಲಿ ಬಟ್ಟಲು ಸವೆದು, ಉದುರಿದ ಕಣಗಳು ಸುತ್ತಣ ಮಾಂಸವನ್ನು ಕೆರಳಿಸಿದವು. 1962ರಲ್ಲಿ ಅವರು ಅತ್ಯಧಿಕ ಅಣುಭಾರದ ಪಾಲಿಎಥಿಲೀನನ್ನು ಆರಿಸಿಕೊಂಡರು. ಅದರ ನುಣುಪು ಕೊಂಚ ಕಡಿಮೆ, ಬಾಳಿಕೆ ಬಹುಪಾಲು ಹೆಚ್ಚು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ರೈತನಿಗೂ ಈ ವಿವೇಕ ಅಗತ್ಯ. ಇಲ್ಲಿನ ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ಮುಟ್ಟುತ್ತದೆ. ಪಾಲಿಮರು ಲೋಹದಂತೆ ಶಾಖವನ್ನು ಬೇಗ ಸಾಗಿಸಲಾರದು. ಉಜ್ಜಾಟದ ಶಾಖ ಅಲ್ಲಿಯೇ ನಿಂತು ಅದನ್ನು ಮೆದುವಾಗಿಸುತ್ತದೆ. ಹೊಲದ ಧೂಳಿನಲ್ಲಿರುವ ಗಟ್ಟಿ ಮರಳಿನ ಕಣ ಅದರ ಮೈಯಲ್ಲಿ ನಾಟಿಕೊಂಡು, ಎದುರಿನ ಉಕ್ಕಿನ ದಂಡವನ್ನೂ ಗೀರುತ್ತದೆ. ತುಂಗಭದ್ರೆಯ ದಡದಲ್ಲಾದರೋ ನೈಲಾನಿನ ಬುಷ್ ನೀರನ್ನು ಹೀರಿ ಉಬ್ಬಿ ದಂಡವನ್ನು ಬಿಗಿಹಿಡಿಯಬಹುದು. ಒಂದೆಡೆ ಬಾಳಿದ್ದು ಮತ್ತೊಂದೆಡೆ ಬಾಳಲೇಬೇಕೆಂಬ ನಿಯಮವಿಲ್ಲ.

ಹಿಂದಿನವರು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿಯನ್ನು ಬೆರೆಸಿ ಬಂಡಿಗೆ ಕೀಲೆಣ್ಣೆ ಹಾಕುತ್ತಿದ್ದರು. ಇಂದು ಟೆಫ್ಲಾನಿಗೆ ಗ್ರಾಫೈಟು, ಕಂಚಿನ ಪುಡಿ, ಗಾಜಿನ ಎಳೆಗಳನ್ನು ಬೆರೆಸಿ ಸವೆತವನ್ನು ತಗ್ಗಿಸುತ್ತಾರೆ. ವಸ್ತುವಿನ ಗುಣವರಿತು ಬೆರಕೆಮಾಡುವ ಬುದ್ಧಿ ಈ ನಾಡಿಗೆ ಹೊಸದಲ್ಲ.

ಇದು ಎಂಜಿನಿಯರಿಂಗ್ ಕಾಲೇಜಿನ ವಿಷಯವೆಂದು ತಳ್ಳಿಹಾಕುವುದು ಸಲ್ಲದು. ಈ ಮೂರು ಪಾಲಿಮರುಗಳ ಸಮಾನ ತುಂಡುಗಳನ್ನು ಓರೆಹಲಗೆಯ ಮೇಲಿಟ್ಟು, ಯಾವ ಕೋನದಲ್ಲಿ ಜಾರುವುವೆಂದು ನೋಡಿದರೆ ಘರ್ಷಣೆ ತಿಳಿಯುತ್ತದೆ. ಸಮಾನ ಭಾರವಿಟ್ಟು ಉಪ್ಪುಕಾಗದದ ಮೇಲೆ ಅಷ್ಟೇ ಸಲ ಉಜ್ಜಿ, ಮೊದಲೂ ಅನಂತರವೂ ತೂಗಿದರೆ ಸವೆತ ತಿಳಿಯುತ್ತದೆ. ಬೇಕಾದುದು ಸೂಕ್ಷ್ಮವಾದ ಒಂದು ತಕ್ಕಡಿ ಮಾತ್ರ. ಕಟ್ಟಡಕ್ಕೆ ಕೊಡುಗೈಯಾದ ದಾನಿಗಳಿಗೆ ಇದು ಭಾರವಲ್ಲ; ಅಧ್ಯಾಪಕರಿಗೂ ಇದು ಒಂದು ಮಧ್ಯಾಹ್ನದ ಕೆಲಸ. ಪಂಪಿನ ಬುಷ್ಷಿಗೆ ವರ್ಷವರ್ಷವೂ ಹಣ ತೆರುವ ರೈತನ ಮಕ್ಕಳೇ ಈ ಶಾಲೆಗಳ ವಿದ್ಯಾರ್ಥಿಗಳೆಂಬುದನ್ನು ಮರೆಯಬಾರದು.