ಒಟಿಪಿ ಹೇಳದಿದ್ದರೆ ಸಾಲದು, ಹೆಬ್ಬೆಟ್ಟಿಗೂ ಬೀಗ ಹಾಕಿ

"ಒಟಿಪಿ ಯಾರಿಗೂ ಹೇಳಬೇಡಿ" ಅನ್ನೋದನ್ನ ಕೇಳಿ ಕೇಳಿ ನಮಗೆಲ್ಲ ಸಾಕಾಗಿದೆ. ಒಳ್ಳೆ ಮಾತೇ. ಆದರೆ ರೈತರ ಮನೆಗೆ ಅದು ಅರ್ಧ ಬುದ್ಧಿವಾದ ಅಂತ ನನ್ನ ಅಭಿಪ್ರಾಯ. ನಮ್ಮ ಅಪ್ಪ-ಅಮ್ಮಂದಿರ ಖಾತೆಯಿಂದ ದುಡ್ಡು ತೆಗೆಯೋಕೆ ಒಟಿಪಿಯೂ ಬೇಡ, ಎಟಿಎಂ ಕಾರ್ಡೂ ಬೇಡ, ಪಿನ್ ಕೂಡ ಬೇಡ. ಬ್ಯಾಂಕಿನ ಹೆಸರು, ಆಧಾರ್ ನಂಬರ್, ಹೆಬ್ಬೆಟ್ಟು ಇದ್ದರೆ ಸಾಕು. ಇದಕ್ಕೆ ಎಇಪಿಎಸ್ ಅಂತಾರೆ. ಹಳ್ಳಿಗೆ ಬರುವ ಬ್ಯಾಂಕ್ ಮಿತ್ರರ ಯಂತ್ರ ಕೆಲಸ ಮಾಡೋದು ಇದರಿಂದಲೇ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು.

2023ರಲ್ಲಿ ಆಗಿದ್ದೇನು?

ಆ ವರ್ಷ ಬೆಂಗಳೂರು, ಮಂಗಳೂರು ಕಡೆ ಹಲವರ ಖಾತೆಯಿಂದ ಹೀಗೇ ಹಣ ಹೋಯಿತು. ಅವರು ಯಾರಿಗೂ ಒಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದರು, ಅಷ್ಟೇ. ನೋಂದಣಿ ಪತ್ರಗಳಲ್ಲಿ ಆಧಾರ್ ನಂಬರ್, ಬೆರಳಚ್ಚು ಎರಡೂ ಇರುತ್ತಿದ್ದವು. ವಂಚಕರು ಆನ್‌ಲೈನ್‌ನಲ್ಲಿ ಅಂಥ ಪತ್ರಗಳನ್ನು ಇಳಿಸಿಕೊಂಡು, ಅದರಲ್ಲಿನ ಗುರುತಿನಿಂದ ನಕಲಿ ಬೆರಳಚ್ಚು ಮಾಡಿಕೊಂಡು ಹಣ ತೆಗೆದಿದ್ದರು ಅನ್ನೋದು ತನಿಖೆಯಲ್ಲಿ ಹೊರಬಂತು. ಮಂಗಳೂರು ಪೊಲೀಸರು ಬಿಹಾರದ ಆರೋಪಿಗಳನ್ನು ಬಂಧಿಸಿದರು. ಆಮೇಲೆ ಕಂದಾಯ ಇಲಾಖೆ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡಲು ಕ್ರಮ ತೆಗೆದುಕೊಂಡಿತು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯ್ತು.

ಇದು ನಮಗೇ ಜಾಸ್ತಿ ತಾಗುವ ವಿಷಯ. ಪಾಲುಪಟ್ಟಿ, ಕ್ರಯಪತ್ರ, ಸಾಲದ ಅಡಮಾನ ಅಂತ ರೈತರು ಒತ್ತುವಷ್ಟು ಹೆಬ್ಬೆಟ್ಟನ್ನು ಬೇರೆ ಯಾರೂ ಒತ್ತಲ್ಲ. ಪಿಎಂ ಕಿಸಾನ್‌ನ 2,000 ರೂಪಾಯಿ ಕಂತು, ಬೆಳೆ ಪರಿಹಾರ ಎಲ್ಲ ಬರೋದು ಆಧಾರ್ ಜೋಡಣೆಯಾದ ಖಾತೆಗೇ. ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು. ಬೆರಳು ಬದಲಾಯಿಸೋಕಾಗುತ್ತಾ?

ಬೀಗ ಹಾಕೋದು ಹೇಗೆ?

ಎಂ-ಆಧಾರ್ ಆ್ಯಪ್ ಅಥವಾ ಯುಐಡಿಎಐ ವೆಬ್‌ಸೈಟಿನಲ್ಲಿ 'ಬಯೋಮೆಟ್ರಿಕ್ ಲಾಕ್' ಅಂತ ಇದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ ಐದು ನಿಮಿಷದ ಕೆಲಸ, ಖರ್ಚಿಲ್ಲ. ಲಾಕ್ ಆದ ಮೇಲೆ ಯಾರು ಆ ಬೆರಳಚ್ಚು ಒತ್ತಿದರೂ ಯಂತ್ರ ಒಪ್ಪಲ್ಲ. ಖಾತೆಗೆ ಬರುವ ಹಣಕ್ಕೆ ಮಾತ್ರ ತೊಂದರೆ ಇಲ್ಲ. ಹಣ ಜಮಾ ಆಗೋಕೆ ಬೆರಳಚ್ಚು ಬೇಕಿಲ್ಲ.

"ಹಾಗಾದ್ರೆ ರೇಷನ್ ತರೋದು ಹೇಗೆ, ಅಜ್ಜಿ ಪಿಂಚಣಿ ತೆಗೆಯೋದು ಹೇಗೆ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಲಾಕ್ ಇದ್ದರೆ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ನಡೆಯಲ್ಲ. ಅಂಥ ದಿನ ಸ್ವಲ್ಪ ಹೊತ್ತು ಅನ್‌ಲಾಕ್ ಮಾಡಬೇಕು, ಆಮೇಲೆ ಅದು ತಾನಾಗಿ ಮತ್ತೆ ಲಾಕ್ ಆಗುತ್ತೆ. ಈ ಕೆಲಸ ಮನೆಯ ಹಿರಿಯರಿಂದ ಆಗಲ್ಲ. ಸ್ಮಾರ್ಟ್‌ಫೋನ್ ಇರುವ ಮಗ, ಮಗಳು, ಸೊಸೆ ಮಾಡಬೇಕು. ಹನಿ ನೀರಾವರಿಯ ಫಿಲ್ಟರ್ ತೊಳೆದ ಹಾಗೆ ಇದೂ ನಮ್ಮ ಪಾಲಿನ ಕೆಲಸ ಅಂದುಕೊಳ್ಳಿ.

ನಾನು ಸೊಪ್ಪು-ತರಕಾರಿ ಕೊಡೋಕೆ ಬಾಪೂಜಿ ನಗರದ ಕಡೆ ಹೋದಾಗಲೆಲ್ಲ ಒಂದು ನೋಟ ಕಾಣುತ್ತೆ. ಮೈಸೂರು ರಸ್ತೆಯ ಬಸ್ಸಿಳಿದು ಕಚೇರಿ ಕೆಲಸಕ್ಕೆ ಬಂದವರು ಜೆರಾಕ್ಸ್ ಅಂಗಡಿಯ ವಾಟ್ಸಾಪ್ ನಂಬರಿಗೆ ಆಧಾರ್, ಪಾಸ್‌ಬುಕ್, ಕ್ರಯಪತ್ರ ಎಲ್ಲ ಕಳಿಸಿ ಪ್ರಿಂಟ್ ತಗೊಂಡು ಹೊರಟುಬಿಡ್ತಾರೆ. ಆ ಫೈಲುಗಳು ಅಲ್ಲೇ ಉಳಿಯುತ್ತವೆ. ಅಂಗಡಿಯವರು ಒಳ್ಳೆಯವರೇ ಇರಬಹುದು, ಆ ಕಂಪ್ಯೂಟರ್ ಮುಟ್ಟುವವರೆಲ್ಲ ಹಾಗೇ ಇರ್ತಾರಾ? ಪ್ರಿಂಟ್ ಆದ ತಕ್ಷಣ ಎದುರಿಗೇ ಅಳಿಸಿಸಿ. ಎಲ್ಲಿ ನಡೆಯುತ್ತೋ ಅಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಕೊಡಿ.

ಕಾರ್ಡು, ಫೋನು

ಕಾರ್ಡಿನ ವಿಷಯ ಸುಲಭ. 5,000 ರೂಪಾಯಿವರೆಗೆ ಪಿನ್ ಇಲ್ಲದೆ ತಾಗಿಸಿ ಪಾವತಿ ಮಾಡುವ ಕಾರ್ಡುಗಳು ಈಗ ಸಾಮಾನ್ಯ. ಬ್ಯಾಂಕಿನ ಆ್ಯಪ್‌ನಲ್ಲಿ ಆ ಸೌಲಭ್ಯ, ವಿದೇಶಿ ವ್ಯವಹಾರ, ಆನ್‌ಲೈನ್ ವ್ಯವಹಾರ ಆಫ್ ಮಾಡಿ, ಬೇಕಾದಾಗ ಆನ್ ಮಾಡಿಕೊಳ್ಳಿ. ಪಿನ್ ಅನ್ನು ಕಾರ್ಡಿನ ಕವರ್ ಮೇಲೆ ಬರೆದಿಡೋ ಅಭ್ಯಾಸ ಇದ್ದರೆ ಇವತ್ತೇ ಬಿಡಿಸಿ.

'ಪಿಎಂ ಕಿಸಾನ್' ಹೆಸರಲ್ಲಿ ವಾಟ್ಸಾಪ್ ಗುಂಪಿಗೆ ಬರುವ ಎಪಿಕೆ ಫೈಲ್ ಮುಟ್ಟಲೇಬೇಡಿ. ಅಂಥ ಆ್ಯಪ್ ಒಳಗೆ ಕೂತು ನಿಮ್ಮ ಎಸ್‌ಎಂಎಸ್‌ಗಳನ್ನೇ ಓದುತ್ತೆ. ಆಗ ಒಟಿಪಿಯನ್ನು ನೀವು ಹೇಳೋದೇ ಬೇಡ. ಇನ್ನು, ಹಣ ಪಡೆಯೋಕೆ ಯುಪಿಐ ಪಿನ್ ಹಾಕಬೇಕಿಲ್ಲ. "ಟೊಮೆಟೊ ದುಡ್ಡು ಕಳಿಸ್ತೀನಿ, ಪಿನ್ ಹಾಕಿ" ಅಂದವನು ವ್ಯಾಪಾರಿ ಅಲ್ಲ.

ಹಣ ಹೋದರೆ

ಮೊದಲು 1930ಕ್ಕೆ ಫೋನ್ ಮಾಡಿ, ಜೊತೆಗೇ ಬ್ಯಾಂಕಿಗೆ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಪ್ರಕಾರ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅನ್ನುವಂಥ ವಂಚನೆಯಲ್ಲಿ ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ದೂರು ಕೊಟ್ಟರೆ ಗ್ರಾಹಕನಿಗೆ ನಷ್ಟದ ಹೊಣೆ ಇಲ್ಲ. ತಪ್ಪು ಗ್ರಾಹಕನದು ಅಂತ ಸಾಬೀತು ಮಾಡಬೇಕಾದದ್ದು ಬ್ಯಾಂಕು. ಅದೇ ವರ್ಷ ಡಿಸೆಂಬರ್‌ನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಇಂಥದ್ದೇ ಸುತ್ತೋಲೆ ಬಂತು. "ನೀವೇ ಎಲ್ಲೋ ಹೆಬ್ಬೆಟ್ಟು ಕೊಟ್ಟಿರ್ತೀರಿ" ಅಂತ ಕೌಂಟರಿನಲ್ಲಿ ಸಾಗಹಾಕಿದರೆ ವಾಪಸ್ ಬರಬೇಡಿ. ದೂರು ಬರೆದುಕೊಟ್ಟು ಸ್ವೀಕೃತಿ ತಗೊಳ್ಳಿ.

ಆದರೆ ಮೂರು ದಿನದ ಲೆಕ್ಕ ಶುರುವಾಗೋದು ಸಂದೇಶದಿಂದ. ಎಷ್ಟೋ ಹಿರಿಯರ ಖಾತೆಯಲ್ಲಿ ಇವತ್ತಿಗೂ ಹಳೇ, ಬಂದ್ ಆದ ನಂಬರೇ ಇದೆ. ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗಲೇ ಕಳ್ಳತನ ಗೊತ್ತಾಗೋದು.

ಪತ್ರಗಳಲ್ಲಿರುವ ನಮ್ಮ ಗುರುತನ್ನು ಕಾಯುವ ಹೊಣೆ ಸರ್ಕಾರದ್ದು, ಅದನ್ನು ಕೇಳುತ್ತಲೇ ಇರೋಣ. ಅಲ್ಲಿಯವರೆಗೆ ಕಾಯೋದು ಬೇಡ. ಈ ಭಾನುವಾರ ಅಪ್ಪ-ಅಮ್ಮನ ಜೊತೆ ಕೂತು ಎರಡೇ ಕೆಲಸ ಮಾಡಿ: ಬ್ಯಾಂಕಿನಲ್ಲಿ ಯಾವ ನಂಬರ್ ಇದೆ ನೋಡಿ, ಬಯೋಮೆಟ್ರಿಕ್ ಲಾಕ್ ಮಾಡಿ. ನಂಬರ್ ಹಳೇದಾಗಿದ್ದರೆ ಸೋಮವಾರ ಬೆಳಿಗ್ಗೆ ಬ್ಯಾಂಕಿಗೆ ಕರೆದುಕೊಂಡು ಹೋಗಿ.