ಅಗ್ಗದ ಮಾತಿಗೆ ಅಸಲಿನ ಉತ್ತರ

ಫೋನಿನಲ್ಲಿ ವ್ಯಾಪಾರ ಮಾಡುವ ಸಣ್ಣ ಅಂಗಡಿಯವರು ಬೆಲೆ ಇಳಿಸಲು ಹೋಗಬಾರದು, ಸಾಗಣೆ ಖರ್ಚನ್ನು ಮುಚ್ಚಿಡಬಾರದು ಎಂದು ನಾನು ಹೇಳಿದ್ದೇ ತಪ್ಪಾಯಿತು. ದುರ್ಗದ ಲಕ್ಷ್ಮಿ ಬಜಾರಿನಿಂದ ಹೊಳಲ್ಕೆರೆವರೆಗೆ ಬುದ್ಧಿ ಹೇಳುವವರು ಹುಟ್ಟಿಕೊಂಡಿದ್ದಾರೆ. ಒಬ್ಬೊಬ್ಬರಿಗೇ ಉತ್ತರ ಕೊಡುತ್ತೇನೆ.

‘ಆನ್‌ಲೈನ್ ಅಂದರೇ ಅಗ್ಗ. ಹತ್ತು ಪರ್ಸೆಂಟಾದರೂ ಬಿಡದಿದ್ದರೆ ಯಾರು ಕೊಳ್ಳುತ್ತಾರೆ?’ ಹಿರಿಯೂರಿನ ಗೆಳೆಯರೊಬ್ಬರ ಪ್ರಶ್ನೆ ಇದು. ಅವರದು ಮರದ ಗಾಣದ ಶೇಂಗಾ ಎಣ್ಣೆ. ಚೀಟಿ ಹಿಡಿದು ಲೆಕ್ಕ ಹಾಕೋಣ. ಲೀಟರ್ ಎಣ್ಣೆಗೆ ಹೆಚ್ಚುಕಡಿಮೆ ಎರಡೂವರೆ ಕೆಜಿ ಬೀಜ ಬೇಕು. ಬೀಜ ಕೆಜಿಗೆ 130 ಎಂದಿಟ್ಟುಕೊಂಡರೆ 325 ರೂಪಾಯಿ. ಒಂದೂವರೆ ಕೆಜಿ ಹಿಂಡಿ ಮಾರಿದರೆ 60 ವಾಪಸ್ ಬಂತು, ಉಳಿದದ್ದು 265. ಗಾಣದ ಕೂಲಿ, ಕರೆಂಟಿಗೆ 25, ಬಾಟಲಿ ಮತ್ತು ಲೇಬಲ್‌ಗೆ 15, ರಟ್ಟಿನ ಡಬ್ಬಿ, ಟೇಪಿಗೆ 20, ಸೋರಿದ್ದು, ಒಡೆದದ್ದು, ವಾಪಸ್ ಬಂದದ್ದರ ಬಾಬ್ತು 10. ಅಸಲು 335 ಆಯಿತು. ಇವರು ಮಾರುವುದು 360ಕ್ಕೆ. ಹತ್ತು ಪರ್ಸೆಂಟ್ ಬಿಟ್ಟರೆ ಕೈಗೆ ಬರುವುದು 324. ಲೀಟರಿಗೆ ಹನ್ನೊಂದು ರೂಪಾಯಿ ಕೈಯಿಂದ ಕೊಟ್ಟು ಎಣ್ಣೆ ದಾನ ಮಾಡಿದ ಹಾಗೆ. ಇದರಲ್ಲಿ ಅವರ ದುಡಿಮೆಯ ಕೂಲಿಯನ್ನು ಹಿಡಿದೇ ಇಲ್ಲ! ದೊಡ್ಡ ಕಂಪನಿ ನಷ್ಟದಲ್ಲಿ ಮಾರಿ ಇನ್ನೊಂದರಲ್ಲಿ ಗಿಟ್ಟಿಸಿಕೊಳ್ಳುತ್ತದೆ. ನಿಮಗೆ ಆ ‘ಇನ್ನೊಂದು’ ಎಲ್ಲಿದೆ? ರಿಫೈನ್ಡ್ ಎಣ್ಣೆಯ ಬೆಲೆಗೆ ಬೇಕೆನ್ನುವ ಗಿರಾಕಿ ನಿಮ್ಮ ಗಿರಾಕಿಯೇ ಅಲ್ಲ. ಬೀಜ ಎಲ್ಲಿಂದ ತಂದಿರಿ, ಯಾವತ್ತು ಗಾಣ ಆಡಿಸಿದಿರಿ ಎಂಬುದರ ಎರಡು ನಿಮಿಷದ ವಿಡಿಯೋ ಸ್ಟೇಟಸ್‌ಗೆ ಹಾಕಿ. ಆ ಹತ್ತು ಪರ್ಸೆಂಟಿಗಿಂತ ಅದರ ಖರ್ಚು ಕಡಿಮೆ.

‘ಹಾಗಾದರೆ ಸಾಗಣೆಯನ್ನಾದರೂ ಫ್ರೀ ಕೊಡಬೇಡವೇ?’ ಫ್ರೀ ಎಂಬುದು ಇಲ್ಲ ಸ್ವಾಮಿ, ಯಾರೋ ಒಬ್ಬರು ಕಟ್ಟಲೇಬೇಕು. ಕೊರಿಯರಿನವರು ತೂಕವನ್ನಷ್ಟೇ ನೋಡುವುದಿಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿ, ಯಾವುದು ಹೆಚ್ಚೋ ಅದಕ್ಕೆ ದುಡ್ಡು ಹಾಕುತ್ತಾರೆ. ಎರಡು ಕೆಜಿಯ ಚಳ್ಳಕೆರೆ ಕಂಬಳಿಯನ್ನು 40, 30, 20ರ ಡಬ್ಬಿಯಲ್ಲಿ ಹಾಯಾಗಿ ಮಲಗಿಸಿದರೆ ಅದು 4.8 ಕೆಜಿ ಆಗಿಬಿಡುತ್ತದೆ. ಬಿಗಿಯಾಗಿ ಸುತ್ತಿ ಚೀಲದಲ್ಲಿ ಕಳಿಸಿದರೆ ಅರ್ಧ ಖರ್ಚು ಅಲ್ಲೇ ಉಳಿಯಿತು. ಎಣ್ಣೆಯಾದರೆ ಐದು ಲೀಟರಿನ ಕ್ಯಾನಿಗೆ ಮಾತ್ರ ಸಾಗಣೆ ಸೇರಿಸಿದ ಬೆಲೆ ಇಡಿ, ಒಂದು ಲೀಟರಿಗೆ ಬೇರೆಯಾಗಿ ಬರೆಯಿರಿ. ಗಿರಾಕಿ ತಾನಾಗಿಯೇ ಐದು ಲೀಟರಿಗೆ ಬರುತ್ತಾನೆ. ಬೆಂಗಳೂರಿನಲ್ಲಿರುವ ನಮ್ಮೂರಿನವರಿಗಂತೂ 2021ರಲ್ಲಿ ಶುರುವಾದ ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ ಇದೆ. ಬಸ್ ಸ್ಟ್ಯಾಂಡಿಗೆ ಬಂದು ಒಯ್ಯುವ ತಾಳ್ಮೆ ಇರುವವರಿಗೆ ಹೇಳಿ ನೋಡಿ.

ಜವಳಿಯವರೊಬ್ಬರ ಸಲಹೆ ಇನ್ನೂ ಚುರುಕು: ‘ಎರಡರಷ್ಟು ಎಂಆರ್‌ಪಿ ಹಾಕಿ, ಅದನ್ನು ಹೊಡೆದು, ಅರ್ಧ ಬೆಲೆ ಅನ್ನಿ.’ ಇದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತು ಎನಿಸಬಹುದು. ಅದು ಹಾಗಿರಲಿ, ಮೊಳಕಾಲ್ಮೂರು ರೇಷ್ಮೆ ಸೀರೆಗೆ ಅರ್ಧ ಬೆಲೆ ಎಂದರೆ ನೋಡಿದವರು ಪವರ್‌ಲೂಮ್ ಎಂದೇ ತಿಳಿಯುತ್ತಾರೆ. ಆ ಸೀರೆಗೆ ಜಿಐ ಮಾನ್ಯತೆ ಇದೆ. ಸಿಲ್ಕ್ ಮಾರ್ಕ್ ಚೀಟಿ ಇದ್ದರೆ ಅದರ ಫೋಟೋವನ್ನೇ ಮೊದಲು ಹಾಕಿ.

ಹೊಸದುರ್ಗದ ಕೊಬ್ಬರಿಯವರ ಆಕ್ಷೇಪದಲ್ಲಿ ಮಾತ್ರ ತೂಕವಿದೆ. ‘ತಿಪಟೂರಿನ ಹರಾಜಿನ ದರ ಎಲ್ಲರ ಫೋನಿಗೂ ಬರುತ್ತದೆ. ಅದಕ್ಕಿಂತ ಹೆಚ್ಚು ಕೇಳಿದರೆ ಕಳ್ಳ ಅನ್ನುವುದಿಲ್ಲವೇ?’ ಅನ್ನಬಹುದು. ಆದರೆ ಅದು ಕ್ವಿಂಟಲ್ ದರ, ಚೀಲದ ದರ. ನೀವು ಕಳಿಸುವುದು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿ, ಸುಲಿದು, ಒಡೆದು, ಕೆಟ್ಟದ್ದನ್ನು ತೆಗೆದು ಆರಿಸಿದ ಅರ್ಧ ಕೆಜಿ. ಇವತ್ತಿನ ತಿಪಟೂರು ದರ ಇಷ್ಟು, ಆರಿಸಿದ್ದಕ್ಕೆ ಮತ್ತು ಪ್ಯಾಕಿಂಗಿಗೆ ಇಷ್ಟು ಎಂದು ಎರಡು ಸಾಲಿನಲ್ಲಿ ನೀವೇ ಬರೆದುಬಿಡಿ. ಮುಚ್ಚಿಟ್ಟರೆ ತಾನೇ ಅನುಮಾನ? ಕೊಬ್ಬರಿಯ ದರ ಜಿಗಿಯುವ ಪರಿ ನಿಮಗೇ ಗೊತ್ತು. ವರ್ಷದ ದರಪಟ್ಟಿ ಅಚ್ಚು ಹಾಕಿಸಬೇಡಿ, ‘ಈ ವಾರದ ದರ’ ಎಂದು ಹಾಕಿ.

ಕ್ಯಾಶ್ ಆನ್ ಡೆಲಿವರಿ ಇಲ್ಲದಿದ್ದರೆ ಜನ ನಂಬುವುದಿಲ್ಲ ಎನ್ನುವುದು ಅರ್ಧ ನಿಜ. ನಾನೂ ನಂಬಿಸಲು ಹೋಗಿ ಕೈ ಸುಟ್ಟುಕೊಂಡವನೇ. ಕಳಿಸಿದ ಆರು ಬಾಟಲಿ ‘ಮನೆಯಲ್ಲಿ ಯಾರೂ ಇಲ್ಲ’ ಎಂದು ವಾಪಸ್ ಬಂದವು, ಅದರಲ್ಲಿ ಎರಡು ಖಾಲಿ. ಹೋಗುವ ಬಾಡಿಗೆ ನನ್ನದು, ಬರುವ ಬಾಡಿಗೆಯೂ ನನ್ನದು. ಈಗ ಹೊಸಬರಿಂದ ಸಾಗಣೆಯ ಖರ್ಚನ್ನಷ್ಟೇ ಮುಂಗಡ ಯುಪಿಐ ಮಾಡಿಸಿಕೊಳ್ಳುತ್ತೇನೆ. ಬೇಡದವರು ಅಲ್ಲೇ ಸುಮ್ಮನಾಗುತ್ತಾರೆ.

ಇನ್ನು ಜಿಎಸ್‌ಟಿಯ ಭಯ. ವಹಿವಾಟು 40 ಲಕ್ಷದೊಳಗಿದ್ದರೆ, ಇ-ಕಾಮರ್ಸ್ ತಾಣಗಳ ಮೂಲಕವೂ ರಾಜ್ಯದೊಳಗೆ ಸರಕು ಮಾರಲು 2023ರ ಅಕ್ಟೋಬರ್ 1ರಿಂದ ಪೂರ್ತಿ ನೋಂದಣಿ ಬೇಕಿಲ್ಲ, ಪೋರ್ಟಲ್‌ನಲ್ಲಿ ದಾಖಲಾತಿ ಸಂಖ್ಯೆ ಪಡೆದರಾಯಿತು. ತಮಾಷೆ ಏನೆಂದರೆ ಎಣ್ಣೆಯನ್ನು ಬೀದರ್‌ಗೆ ಕಳಿಸಿದರೆ ನೋಂದಣಿ ಬೇಡ, ಮೊಳಕಾಲ್ಮೂರಿನ ಪಕ್ಕದ ರಾಯದುರ್ಗಕ್ಕೆ ಕಳಿಸಿದರೆ ಬೇಕು, ಅದು ಆಂಧ್ರ.

ಕೊನೆಗೆ ಹೊಳಲ್ಕೆರೆಯವರು. ‘ರಾಶಿ ಅಡಿಕೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾರಲೇನು?’ ಎಂದು ನಕ್ಕರಂತೆ. ಬೇಡ, ಒಪ್ಪಿದೆ. ಅಡಿಕೆಯನ್ನು ಭೀಮಸಮುದ್ರದ ಮಂಡಿಗೇ ಒಯ್ಯಿರಿ. ಆದರೆ ತೋಟದಲ್ಲಿ ಉದುರಿದ ಹಾಳೆಯಲ್ಲಿ ತಟ್ಟೆ ಮಾಡುವವರಿದ್ದರೆ, ನೂರು ತಟ್ಟೆ ಒಂದರೊಳಗೊಂದು ಕೂತರೆ ಎಷ್ಟು ಎತ್ತರವಾಗುತ್ತದೆ ಎಂದು ಅಳೆದು ತಿಳಿಸಿ. ಡಬ್ಬಿಯ ಲೆಕ್ಕ ನಾನು ಹಾಕಿಕೊಡುತ್ತೇನೆ.