‘ಅಡ್ಡ ಪರಿಣಾಮವಿಲ್ಲ’ ಎಂಬ ಮಹಾ ಸುಳ್ಳು

ಸಂಜೆ ಹೊತ್ತು ಸರಸ್ವತಿಪುರಂನ ಮುಖ್ಯರಸ್ತೆಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಔಷಧದಂಗಡಿಯ ಗಾಜಿನ ಬೀರುವಿನಲ್ಲಿ, ಕ್ಷೌರದಂಗಡಿಯ ಕನ್ನಡಿಯ ಪಕ್ಕದಲ್ಲಿ, ಜಿಮ್ಮಿನ ಬಾಗಿಲಲ್ಲಿ ಹಸಿರು ಎಲೆಯ ಚಿತ್ರವಿರುವ ಡಬ್ಬಿಗಳು ಕಾಣುತ್ತವೆ. ಅಲ್ಲಿ ಕಾಣದಿದ್ದರೆ ಜೇಬಿನಲ್ಲಿರುವ ಮೊಬೈಲು ತಾನಾಗಿಯೇ ತೋರಿಸುತ್ತದೆ. ‘ಡಿಎಚ್‌ಟಿ ಬ್ಲಾಕರ್’, ‘ಕೂದಲು ಉದುರುವುದಕ್ಕೆ ಬುಡದಿಂದಲೇ ಪರಿಹಾರ’, ‘ಶುದ್ಧ ಗಿಡಮೂಲಿಕೆ’, ‘ಅಡ್ಡ ಪರಿಣಾಮವಿಲ್ಲ’. ಈ ಕಡೆಯ ಎರಡು ಪದಗಳ ಮೇಲೆಯೇ ಇಂದು ನಮ್ಮ ತಕರಾರು.

ನಾನು ಮೇಷ್ಟರಾಗಿದ್ದಾಗ ನನ್ನ ತರಗತಿಯಲ್ಲಿ ಓದಿದ್ದ ಹುಡುಗನೊಬ್ಬ ಈಗ ಗಿರಣಿ ಕೆಲಸಗಾರ. ಸರಸ್ವತಿಪುರಂನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದಾನೆ. ಮದುವೆ ಗೊತ್ತಾಗಿತ್ತು, ಮುಂದಲೆ ಕಾಣತೊಡಗಿತ್ತು. ಸಂಬಳದಲ್ಲಿ ಉಳಿಸಿ ಆರು ತಿಂಗಳು ಇಂಥದೊಂದು ಡಬ್ಬಿಯ ಗುಳಿಗೆ ನುಂಗಿದ. ಮೂರನೆಯ ತಿಂಗಳಿಗೆ ದಾಂಪತ್ಯದ ಆಸೆಯೇ ಬತ್ತಿತು, ನಿದ್ರೆ ಹೋಯಿತು, ಮನಸ್ಸಿಗೆ ಮಂಕು ಕವಿಯಿತು. ಗುಳಿಗೆ ಬಿಟ್ಟ. ಬಿಟ್ಟು ಎಂಟು ತಿಂಗಳಾದರೂ ಮೊದಲಿನಂತಾಗಿಲ್ಲ. ಮದುವೆಯನ್ನು ಎರಡು ಸಲ ಮುಂದೆ ಹಾಕಿದ್ದಾನೆ, ಕಾರಣವನ್ನು ಮನೆಯವರಿಗೆ ಹೇಳಿಲ್ಲ. ರಾತ್ರಿ ಹತ್ತು ಗಂಟೆಗೆ ನಮ್ಮ ಕಚೇರಿಗೆ ಬಂದು, “ಮೇಷ್ಟ್ರೇ, ಯಾರಿಗೂ ಹೇಳಬೇಡಿ, ಆದರೆ ಇನ್ನೊಬ್ಬ ನುಂಗದ ಹಾಗೆ ಬರೀರಿ” ಎಂದ. ಡಬ್ಬಿಯ ಮೇಲಿದ್ದ ನಂಬರಿಗೆ ಅವನು ಫೋನು ಮಾಡಿದ್ದನಂತೆ. “ನಮ್ಮದು ಗಿಡಮೂಲಿಕೆ, ಅಡ್ಡ ಪರಿಣಾಮ ಇರೋದೇ ಇಲ್ಲ” ಎಂಬ ಉತ್ತರ ಬಂತಂತೆ. ಅಂದರೆ ಸುಳ್ಳು ಹೇಳುತ್ತಿರುವುದು ಅವನ ದೇಹ!

‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ’ ಎಂದು ನಗುವವರಿದ್ದಾರೆ. ಆ ನಗು ನಮಗೆ ಒಪ್ಪಿಗೆಯಿಲ್ಲ. ಹೆಣ್ಣು ನೋಡಲು ಹೋದಲ್ಲಿ ಗಂಡಿನ ತಲೆ ನೋಡಿ ಮುಖ ತಿರುಗಿಸುವ ಸಮಾಜ ಇದು. ಬೊಕ್ಕತಲೆಯನ್ನು ಭಯಂಕರ ರೋಗವೆಂದು ಮೊದಲು ಹೆದರಿಸಿ, ಆಮೇಲೆ ಆ ಹೆದರಿಕೆಗೇ ಬೆಲೆ ಕಟ್ಟಿ ಮಾರುವುದು ಬಂಡವಾಳಶಾಹಿಯ ಹಳೆಯ ವಿದ್ಯೆ. ಅಪರಾಧಿ ಹುಡುಗನಲ್ಲ, ಮಾರಿದವನು.

ಈ ಡಬ್ಬಿಗಳು ತಡೆಯುತ್ತೇವೆಂದು ಹೇಳುವುದು ಏನನ್ನು? ಗಂಡಸಿನ ದೇಹದಲ್ಲಿ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನು ಇದೆ. ಒಂದು ಕಿಣ್ವವು ಅದರ ಸ್ವಲ್ಪ ಭಾಗವನ್ನು ಡಿಎಚ್‌ಟಿ ಎಂಬ ಇನ್ನೂ ಪ್ರಬಲವಾದ ಹಾರ್ಮೋನಾಗಿ ಮಾರ್ಪಡಿಸುತ್ತದೆ. ವಂಶದಲ್ಲಿ ಬೊಕ್ಕತಲೆ ಇರುವವರ ಕೂದಲ ಬೇರನ್ನು ಈ ಡಿಎಚ್‌ಟಿ ಸವೆಸುತ್ತದೆ, ನಿಜ. ಆದರೆ ಗರ್ಭದಲ್ಲಿ ಗಂಡುಮಗುವಿನ ಅಂಗ ರೂಪುಗೊಳ್ಳುವುದಕ್ಕೂ ಅದೇ ಬೇಕು. ಅದೇ ಕಿಣ್ವ ಮಿದುಳಿನಲ್ಲಿ ಮನಸ್ಸನ್ನು ಸಮಾಧಾನವಾಗಿಡುವ ಕೆಲವು ಪದಾರ್ಥಗಳ ತಯಾರಿಕೆಗೂ ಕೈಗೂಡಿಸುತ್ತದೆ. ಗಿರಣಿಯ ಬಂಧುಗಳಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ಮಗ್ಗವನ್ನು ನಿಲ್ಲಿಸಲು ಇಡೀ ಷೆಡ್ಡಿನ ಮೇನ್ ಸ್ವಿಚ್ಚು ಎಳೆದರೆ ಏನಾಗುತ್ತದೆಂದು ಅವರಿಗೆ ಗೊತ್ತು.

ಇದೇ ಕೆಲಸ ಮಾಡುವ ಒಂದು ರಾಸಾಯನಿಕ ಮಾತ್ರೆ ಇದೆ, ಹೆಸರು ಫಿನಾಸ್ಟರೈಡ್. ಕೂದಲಿಗೆಂದು ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1997ರಲ್ಲಿ. ಮಾತ್ರೆ ಬಿಟ್ಟ ಮೇಲೂ ಕೆಲವರಲ್ಲಿ ಲೈಂಗಿಕ ತೊಂದರೆ ಮುಂದುವರಿದ ವರದಿಗಳಿವೆ ಎಂದು ಅದರ ಚೀಟಿಯಲ್ಲಿ ಅಲ್ಲಿನ ಸರ್ಕಾರ ಸೇರಿಸಿದ್ದು 2012ರಲ್ಲಿ. ನಡುವೆ ಹದಿನೈದು ವರ್ಷ! 2025ರಲ್ಲಿ ಯೂರೋಪಿನ ಔಷಧ ಸಂಸ್ಥೆಯು ಆತ್ಮಹತ್ಯೆಯ ಯೋಚನೆಯನ್ನೂ ಆ ಮಾತ್ರೆಯ ಅಡ್ಡ ಪರಿಣಾಮವೆಂದು ದೃಢಪಡಿಸಿತು. ಪರೀಕ್ಷೆಗೊಳಪಟ್ಟು, ವೈದ್ಯರ ಚೀಟಿಯ ಮೇಲೆ ಮಾರುವ ಮಾತ್ರೆಯ ಸತ್ಯ ಹೊರಬರುವುದಕ್ಕೇ ಇಷ್ಟು ಕಾಲ ಹಿಡಿಯಿತು. ಹಾಗಿದ್ದಮೇಲೆ ಯಾರೂ ಲೆಕ್ಕ ಇಡದ ಡಬ್ಬಿಯ ಗತಿಯೇನು? ಖಾತೆ ಪುಸ್ತಕವನ್ನೇ ಇಡದ ವರ್ತಕ “ನನಗೆ ನಷ್ಟವೇ ಆಗಿಲ್ಲ” ಎಂದರೆ ನೀವು ನಂಬುತ್ತೀರಾ? ‘ಅಡ್ಡ ಪರಿಣಾಮವಿಲ್ಲ’ ಎಂಬುದರ ನಿಜವಾದ ಅರ್ಥ ಇಷ್ಟೇ: ನಾವು ಕೇಳಿಲ್ಲ, ಬರೆದಿಟ್ಟಿಲ್ಲ.

ಈ ಡಬ್ಬಿಗಳಲ್ಲಿ ಮುಖ್ಯವಾಗಿ ಇರುವುದು ‘ಸಾ ಪಾಲ್ಮೆಟೊ’ ಎಂಬ ಕುಳ್ಳು ತಾಳೆಯ ಹಣ್ಣಿನ ಸಾರ. ಅದು ಅಮೆರಿಕದ ಫ್ಲಾರಿಡಾ ಕಡೆಯ ಗಿಡ. ಚರಕ ಸುಶ್ರುತರು ಅದನ್ನು ಕಂಡವರಲ್ಲ. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡ, 45 ದಾಟಿದ ಗಂಡಸರ ಮೇಲೆ ಅಮೆರಿಕದಲ್ಲಿ ಇದರ ಎರಡು ದೊಡ್ಡ ಪರೀಕ್ಷೆಗಳು ನಡೆದವು. 2006ರಲ್ಲಿ ಪ್ರಕಟವಾದದ್ದರಲ್ಲಿ 225 ಜನ, 2011ರದ್ದರಲ್ಲಿ 369 ಜನ. ಮಾಮೂಲಿನ ಮೂರರಷ್ಟು ಪ್ರಮಾಣ ಕೊಟ್ಟರೂ ಹುಸಿ ಗುಳಿಗೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಆ ಪರೀಕ್ಷೆಗಳಲ್ಲಿ ದೊಡ್ಡ ಹಾನಿಯೂ ಕಾಣಲಿಲ್ಲ, ನ್ಯಾಯವಾಗಿ ಇದನ್ನೂ ಹೇಳಬೇಕು. ಆದರೆ ಅಲ್ಲಿ ಕೊಟ್ಟದ್ದು ಅಳೆದು ತೂಗಿದ ಒಂದೇ ಸಾರ, ಅದೂ ವೈದ್ಯರ ಕಣ್ಣೆದುರಿಗೆ. ನಮ್ಮ ಹುಡುಗ ನುಂಗಿದ್ದು ಏಳೆಂಟು ಪದಾರ್ಥಗಳ ಬೆರಕೆ, ಅವನ ವಯಸ್ಸು ಇಪ್ಪತ್ತಾರು.

ಬೆರಕೆಯೊಳಗೆ ಏನಿರಬಹುದೆಂಬುದಕ್ಕೆ ಒಂದು ಹಳೆಯ ಕಥೆ ಸಾಕು. ಪಿಸಿ-ಸ್ಪೆಸ್ ಎಂಬ ಹೆಸರಿನಲ್ಲಿ, ಇದೇ ಸಾ ಪಾಲ್ಮೆಟೊ ಸೇರಿದ ಎಂಟು ಮೂಲಿಕೆಗಳ ಗುಳಿಗೆಯನ್ನು ಅಮೆರಿಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನವರಿಗೆ ಮಾರುತ್ತಿದ್ದರು. ನುಂಗಿದವರ ಎದೆ ಹೆಂಗಸರಂತೆ ನೋಯುತ್ತಿತ್ತು, ಕಾಮಾಸಕ್ತಿ ಕುಗ್ಗುತ್ತಿತ್ತು. 2002ರಲ್ಲಿ ಅದನ್ನು ಮಾರುಕಟ್ಟೆಯಿಂದ ವಾಪಸು ತೆಗೆಸಿದರು. ಪ್ರಯೋಗಾಲಯಗಳಲ್ಲಿ ನೋಡಿದಾಗ ಒಳಗಿದ್ದದ್ದು ರಕ್ತ ತೆಳುಮಾಡುವ ವಾರ್ಫರಿನ್, ಜೊತೆಗೆ ಕೃತಕ ಸ್ತ್ರೀ ಹಾರ್ಮೋನು! ಹೊರಗೆ ಮೂಲಿಕೆ, ಒಳಗೆ ರಾಸಾಯನಿಕ. ಬೆಳ್ಳಗಿರುವುದೆಲ್ಲ ಹಾಲಲ್ಲ, ಹಸಿರಾಗಿರುವುದೆಲ್ಲ ಔಷಧಿಯೂ ಅಲ್ಲ. ಉಮ್ಮತ್ತಿಯೂ ಗಿಡವೇ, ಕಣಗಿಲೆಯೂ ಗಿಡವೇ.

ನಾವು ಆಯುರ್ವೇದದ ವಿರೋಧಿಗಳಲ್ಲ. 1908ರಷ್ಟು ಹಿಂದೆಯೇ ಆಯುರ್ವೇದ ಕಾಲೇಜು ಕಂಡ ಊರು ನಮ್ಮದು. ಒಳ್ಳೆಯ ವೈದ್ಯ ನಾಡಿ ಹಿಡಿದು, ಊಟ ನಿದ್ರೆ ವಿಚಾರಿಸಿ, ಆಮೇಲೆ ಮದ್ದು ಕೊಡುತ್ತಾನೆ. ಮೊಬೈಲಿನ ಜಾಹೀರಾತು ನಾಡಿ ಹಿಡಿಯುವುದಿಲ್ಲ, ಜೇಬು ಹಿಡಿಯುತ್ತದೆ.

ಹಾಗಾದರೆ ಕಾನೂನು ಇಲ್ಲವೇ? ಇದೆ. ದಾರಿ ತಪ್ಪಿಸುವ ಔಷಧ ಜಾಹೀರಾತುಗಳನ್ನು ನಿಷೇಧಿಸುವ ಕಾಯಿದೆ 1954ರಿಂದಲೂ ಇದೆ. 1945ರ ಔಷಧ ನಿಯಮಗಳ ‘ಜೆ’ ಪಟ್ಟಿಯಲ್ಲಿ, ಗುಣಪಡಿಸುತ್ತೇವೆಂದು ಯಾವ ಔಷಧವೂ ಹೇಳಿಕೊಳ್ಳಬಾರದ ರೋಗಗಳ ಸಾಲಿನಲ್ಲಿ ಬೊಕ್ಕತಲೆಯೂ ಸೇರಿದೆ. ತಪ್ಪಿಸಿಕೊಳ್ಳಲು ಕಂಪನಿಗಳು ಎರಡು ಬಾಗಿಲು ಕಂಡುಕೊಂಡಿವೆ. ಒಂದು, ಔಷಧವನ್ನು ‘ಆಹಾರ’ವೆಂದು ಕರೆಯುವುದು. ಡಬ್ಬಿಯನ್ನು ತಿರುಗಿಸಿ ನೋಡಿ: ಮುಂದೆ ದಪ್ಪಕ್ಷರದಲ್ಲಿ ಹಾರ್ಮೋನು ತಡೆಯುವ ಭರವಸೆ, ಹಿಂದೆ ಇರುವೆಯಷ್ಟು ಅಕ್ಷರದಲ್ಲಿ ‘ಔಷಧವಾಗಿ ಬಳಸತಕ್ಕದ್ದಲ್ಲ’ ಎಂಬ ಇಂಗ್ಲಿಷ್ ಸಾಲು. ಇನ್ನೊಂದು, ಆಯುಷ್ ಲೈಸೆನ್ಸು. ಅಲ್ಲಿ ಜಾಹೀರಾತಿಗೆ ಮುಂಚೆಯೇ ಒಪ್ಪಿಗೆ ಪಡೆಯಬೇಕೆಂಬ 170ನೇ ನಿಯಮ 2018ರಲ್ಲಿ ಬಂದಿತ್ತು. 2024ರ ಜುಲೈನಲ್ಲಿ ಕೇಂದ್ರ ಸರ್ಕಾರವೇ ಅದನ್ನು ಕೈಬಿಟ್ಟಿತು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿತು, ಮರುವರ್ಷದ ಆಗಸ್ಟಿನಲ್ಲಿ ಮೊಕದ್ದಮೆಯೇ ಮುಕ್ತಾಯವಾಯಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಲ್ಲವೇ?

ಕಂಪನಿಗಳಿಗೆ ನಮ್ಮದು ಒಂದೇ ಪ್ರಶ್ನೆ. ನಿಮ್ಮ ಗುಳಿಗೆ ಹಾರ್ಮೋನನ್ನು ತಡೆಯುತ್ತದೆಯೋ ಇಲ್ಲವೋ? ತಡೆಯುತ್ತದೆ ಎಂದಾದರೆ ಅದು ಔಷಧ. ಔಷಧದ ಪರೀಕ್ಷೆ, ಔಷಧದ ಎಚ್ಚರಿಕೆ, ಔಷಧದ ಕಾನೂನು ಎಲ್ಲಕ್ಕೂ ತಲೆಬಾಗಬೇಕು. ತಡೆಯುವುದಿಲ್ಲ ಎಂದಾದರೆ ಅದು ಮೋಸ. ಕೂಲಿಯವನ ದುಡ್ಡನ್ನು ಹಿಂದಿರುಗಿಸಬೇಕು. ಮೂರನೆಯ ದಾರಿ ಇಲ್ಲ.

ಸಣ್ಣ ವರ್ತಕ ಮಿತ್ರರಿಗೂ ಒಂದು ಮಾತು. ಕಮಿಷನ್ನಿನ ಆಸೆಗೆ ಡಬ್ಬಿ ಇಟ್ಟುಕೊಂಡವರು ನೀವು, ಲಾಭದ ದೊಡ್ಡ ಪಾಲು ಹೋಗುವುದು ದೂರದ ಕಂಪನಿಗೆ. ನಾಳೆ ಗಿರಾಕಿ ಬಂದು ಅಂಗಿ ಹಿಡಿದು ಕೇಳುವುದು ಮಾತ್ರ ನಿಮ್ಮನ್ನೇ. ಆ ಗಿರಾಕಿ ನಿಮ್ಮ ಬೀದಿಯ ಹುಡುಗ.

ನಮ್ಮ ಬೇಡಿಕೆಗಳು ಇವು. ಔಷಧ ನಿಯಂತ್ರಣದವರೂ ಆಹಾರ ಸುರಕ್ಷತೆಯವರೂ ಒಟ್ಟಾಗಿ ಮೈಸೂರಿನಲ್ಲಿ ಮಾರಾಟವಾಗುವ ಇಂಥ ಡಬ್ಬಿಗಳ ಮಾದರಿ ತೆಗೆದು ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಲಿ. ಹಾರ್ಮೋನು ತಡೆಯುತ್ತೇವೆಂದು ಹೇಳಿಕೊಳ್ಳುವ ಎಲ್ಲವನ್ನೂ ಔಷಧವೆಂದೇ ಪರಿಗಣಿಸಲಿ. ದಾರಿ ತಪ್ಪಿಸುವ ಆಹಾರ ಜಾಹೀರಾತಿಗೆ 2006ರ ಕಾಯಿದೆಯಲ್ಲಿರುವ ಹತ್ತು ಲಕ್ಷ ರೂಪಾಯಿಯವರೆಗಿನ ದಂಡವನ್ನು ವಸೂಲು ಮಾಡಿ ತೋರಿಸಲಿ. ಇ.ಎಸ್.ಐ. ಚಿಕಿತ್ಸಾಲಯಗಳಲ್ಲಿ ಮೂಲಿಕೆ ಗುಳಿಗೆಯ ದೂರುಗಳನ್ನೂ ಬರೆದುಕೊಳ್ಳಲಿ.

ತೊಂದರೆಗೆ ಸಿಕ್ಕಿದ ತಮ್ಮಂದಿರೇ, ನಾಚಿಕೆ ಬಿಡಿ. ಗುಳಿಗೆ ನಿಲ್ಲಿಸಿ, ಡಬ್ಬಿಯನ್ನು ಎಸೆಯದೆ ವೈದ್ಯರಿಗೆ ತೋರಿಸಿ. ಮನಸ್ಸಿನಲ್ಲಿ ಕೆಟ್ಟ ಯೋಚನೆ ಬಂದರೆ ಆ ದಿನವೇ ಯಾರಿಗಾದರೂ ಹೇಳಿ, ಆಸ್ಪತ್ರೆಗೆ ಹೋಗಿ. ಔಷಧಗಳ ಹಾನಿಯನ್ನು ದಾಖಲಿಸುವ ರಾಷ್ಟ್ರೀಯ ವ್ಯವಸ್ಥೆಯ ಉಚಿತ ದೂರವಾಣಿ 1800-180-3024. ರೋಗಿಯೇ ನೇರವಾಗಿ ತಿಳಿಸಬಹುದು. ನೀವು ಮೌನವಾಗಿರುವ ತನಕ ಅವರ ಖಾತೆಯಲ್ಲಿ ‘ಅಡ್ಡ ಪರಿಣಾಮ’ದ ಕಾಲಂ ಖಾಲಿಯಾಗಿಯೇ ಇರುತ್ತದೆ. ಆ ಖಾಲಿ ಕಾಲಮ್ಮನ್ನೇ ತೋರಿಸಿ ಅವರು ಇನ್ನೊಬ್ಬನಿಗೆ ಡಬ್ಬಿ ಮಾರುತ್ತಾರೆ. ಅದನ್ನು ತುಂಬುವ ಶಕ್ತಿ ಇರುವುದು ನಿಮ್ಮ ಕೈಯಲ್ಲಿ.